ಸೂರಂಜಾನ್: ಕೀಲುನೋವಿನ ಗಡ್ಡೆ ಹೃದಯದ ಬಾಗಿಲಿಗೆ ಬಂದ ಕಥೆ

ನಮ್ಮ ಸಮಾರಂಭಗಳಲ್ಲಿ ಇಬ್ನು ಸೀನಾರ ಹೆಸರು ಬಂದಾಗಲೆಲ್ಲ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಭಾಷಣಕಾರರು ಇಬ್ನು ಸೀನಾ, ಅಲ್ ರಾಝಿ, ಇಬ್ನುಲ್ ಹೈಸಮ್ ಎಂದು ಒಂದೇ ಉಸಿರಿನಲ್ಲಿ ನಾಲ್ಕೈದು ಹೆಸರು ಹೇಳಿ, ಜಗತ್ತಿಗೆ ವಿಜ್ಞಾನ ಕೊಟ್ಟವರು ನಾವೇ ಎಂದು ಮಾತು ಮುಗಿಸುತ್ತಾರೆ. ಅವರು ಕೊಟ್ಟದ್ದೇನು, ಕೊಟ್ಟದ್ದು ಹೇಗೆ ಎಂದು ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದರೆ ಉತ್ತರಿಸುವವರು ವೇದಿಕೆಯಲ್ಲಿ ಎಷ್ಟು ಮಂದಿ ಇದ್ದಾರೆ? ಪ್ರಿಯ ಓದುಗರೇ, ಆ ಪ್ರಶ್ನೆಯನ್ನು ಒಂದೇ ಒಂದು ಔಷಧಿಯ ಮಟ್ಟಿಗೆ ಕೇಳಿ ನೋಡೋಣ ಎಂಬುದು ಈ ಲೇಖನದ ಉದ್ದೇಶ.

2023ರ ಜೂನ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಕಾಲ್ಚಿಸಿನ್ ಎಂಬ ಮಾತ್ರೆಯನ್ನು, ದಿನಕ್ಕೆ ಅರ್ಧ ಮಿಲಿಗ್ರಾಂ ಪ್ರಮಾಣದಲ್ಲಿ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ತಗ್ಗಿಸಲು ಬಳಸಬಹುದೆಂದು ಒಪ್ಪಿತು. ಉರಿಯೂತವನ್ನು ತಗ್ಗಿಸುವ ಮೂಲಕ ಹೃದ್ರೋಗಕ್ಕೆ ನೆರವಾಗುವ ಔಷಧಿಯೆಂದು ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಇದು. ಕಾಲ್ಚಿಸಿನ್ ಸಿಗುವುದು ಸೂರಂಜಾನ್ ಗಡ್ಡೆಯಲ್ಲಿ. ಆ ಗಡ್ಡೆಯ ಬಗ್ಗೆ ಇಬ್ನು ಸೀನಾ ತಮ್ಮ ‘ಅಲ್ ಖಾನೂನ್ ಫಿತ್ತಿಬ್’ ಗ್ರಂಥದಲ್ಲಿ ಬರೆದಿದ್ದಾರೆ. ಹಾಗಾದರೆ ಹೃದಯಾಘಾತದ ಔಷಧಿ ನಮ್ಮವರಿಗೆ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು ಎಂದು ಹೇಳಿಬಿಡಬಹುದೇ? ಖಂಡಿತ ಹೇಳಬಾರದು. ಅದರಲ್ಲಿ ನಿಜವಿರುವುದು ಅರ್ಧ ಮಾತ್ರ. ಉಳಿದರ್ಧ ಏನೆಂದು ತಿಳಿದರೆ ಇಬ್ನು ಸೀನಾರ ಮೇಲಿನ ಗೌರವ ನಿಮಗೆ ಇನ್ನೂ ಹೆಚ್ಚಾಗಬಹುದು.

ಸೂರಂಜಾನ್ ಚಿಕ್ಕ ಗಿಡ. ನೆಲದೊಳಗೆ ಗಡ್ಡೆ, ಯುರೋಪಿನ ಜಾತಿಯಲ್ಲಿ ಶರತ್ಕಾಲಕ್ಕೆ ಎಲೆಯೇ ಇಲ್ಲದೆ ಬರೀ ತಿಳಿನೇರಳೆ ಹೂ ಮಣ್ಣಿನಿಂದ ಮೇಲೇಳುತ್ತದೆ. ನೋಡಲು ಕೇಸರಿ ಹೂವಿನಂತೆಯೇ ಇರುತ್ತದೆ, ಆದರೆ ಕುಟುಂಬ ಬೇರೆ, ಗುಣವೂ ಬೇರೆ. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿ, ಇಂದಿನ ಜಾರ್ಜಿಯಾ ದೇಶವಿರುವಲ್ಲಿ, ಕಾಲ್ಕಿಸ್ ಎಂಬ ಪ್ರಾಚೀನ ನಾಡಿತ್ತು. ಗಿಡದ ಲ್ಯಾಟಿನ್ ಹೆಸರು ಅದರಿಂದ ಬಂದದ್ದು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ಇದನ್ನು ವರ್ಣಿಸಿ, ವಿಷವೆಂದು ಎಚ್ಚರಿಸಿದ. ಆರನೆಯ ಶತಮಾನದಲ್ಲಿ ಟ್ರಾಲೆಸ್ ಪಟ್ಟಣದ ಅಲೆಕ್ಸಾಂಡರ್ ಎಂಬ ವೈದ್ಯ ಕಾಲಿನ ಹೆಬ್ಬೆರಳು ಊದಿ ಸಿಡಿಯುವ ಗೌಟ್ ನೋವಿಗೆ ‘ಹರ್ಮಿಸನ ಬೆರಳು’ ಎಂಬ ಗಡ್ಡೆಯನ್ನು ಕೊಡುತ್ತಿದ್ದ. (ಇಸ್ತಾಂಬುಲಿನ ಅಯಾ ಸೋಫಿಯಾ ಕಟ್ಟಡದ ವಿನ್ಯಾಸ ಮಾಡಿದ ಆಂಥೀಮಿಯಸ್ ಇವನ ಅಣ್ಣತಮ್ಮಂದಿರಲ್ಲೊಬ್ಬ.) ಅರಬೀ ವೈದ್ಯರು ಆ ಹೆಸರನ್ನು ‘ಅಸಾಬಿಅ್ ಹುರ್ಮುಸ್’ ಎಂದು ಹಾಗೆಯೇ ಉಳಿಸಿಕೊಂಡರು, ಜೊತೆಗೆ ಸೂರಂಜಾನ್ ಎಂಬ ಹೆಸರನ್ನೂ ಬಳಸಿದರು.

ಗಮನಿಸಿ, ಇದನ್ನು ಮೊದಲು ಕಂಡವರು ನಮ್ಮವರಲ್ಲ. ಗ್ರೀಕರಿಂದ ಬಂದದ್ದನ್ನು ಪಡೆದು, ಬಳಸಿ, ತೂಗಿ ನೋಡಿ, ಬರೆದಿಟ್ಟರು. ಅಂದಿನ ವಿದ್ವಾಂಸರು ಅದನ್ನು ಮುಚ್ಚಿಡಲಿಲ್ಲ. ಅವರ ಗ್ರಂಥಗಳಲ್ಲಿ ಡಯಾಸ್ಕೊರೈಡಿಸನ ಹೆಸರೂ ಗ್ಯಾಲೆನ್‌ನ ಹೆಸರೂ ಮತ್ತೆ ಮತ್ತೆ ಬರುತ್ತವೆ. ಮುಚ್ಚಿಡುವ ಚಟ ಹತ್ತಿರುವುದು ನಮ್ಮ ಕಾಲದ ಭಾಷಣಗಳಿಗೆ.

ಇಬ್ನು ಸೀನಾ (980–1037) ಬುಖಾರಾದ ಬಳಿ ಹುಟ್ಟಿ ಹಮದಾನಿನಲ್ಲಿ ತೀರಿಕೊಂಡವರು. ಖಾನೂನ್‌ನ ಎರಡನೆಯ ಸಂಪುಟ ಒಂಟಿ ಔಷಧಿಗಳದ್ದು. ಅಲ್ಲಿ ಸೂರಂಜಾನ್ ಕೀಲುನೋವಿನ, ಅದರಲ್ಲೂ ಗೌಟಿನ ಔಷಧಿ. ಹೊಟ್ಟೆಗೆ ಕೆಡುಕೆಂಬ ಎಚ್ಚರಿಕೆಯೂ ಇದೆ. ಹೃದಯದ ಔಷಧಿಗಳ ಮೇಲೆ ಅವರು ‘ಅಲ್ ಅದ್ವಿಯತುಲ್ ಖಲ್ಬಿಯ್ಯ’ ಎಂಬ ಬೇರೆಯೇ ಪುಸ್ತಕ ಬರೆದರು. ಹೃದಯದ ರಕ್ತನಾಳದೊಳಗೆ ಕೊಬ್ಬು ಕಟ್ಟಿ, ಅದು ಒಡೆದು, ರಕ್ತ ಹೆಪ್ಪುಗಟ್ಟಿ ಆಘಾತವಾಗುತ್ತದೆಂಬ ತಿಳಿವಳಿಕೆ ಹನ್ನೊಂದನೆಯ ಶತಮಾನದಲ್ಲಿ ಯಾರಿಗೂ ಇರಲಿಲ್ಲ. ರೋಗವೇ ಗೊತ್ತಿಲ್ಲದ ಮೇಲೆ ಅದರ ಔಷಧಿ ಗೊತ್ತಿತ್ತೆನ್ನುವುದು ಹೇಗೆ?

ಅದೇ ಎರಡನೆಯ ಸಂಪುಟದ ಆರಂಭದಲ್ಲಿ ಇನ್ನೊಂದು ವಿಷಯವಿದೆ. ನಮ್ಮ ವೇದಿಕೆಗಳಲ್ಲಿ ಅದರ ಪ್ರಸ್ತಾಪ ಕಡಿಮೆ. ಔಷಧಿಯ ಗುಣವನ್ನು ಅನುಭವದಿಂದ ಪರೀಕ್ಷಿಸುವುದು ಹೇಗೆಂದು ಇಬ್ನು ಸೀನಾ ಅಲ್ಲಿ ಏಳು ಶರತ್ತುಗಳನ್ನು ಹಾಕುತ್ತಾರೆ. ಔಷಧಿ ಸ್ವಾಭಾವಿಕ ಸ್ಥಿತಿಯಲ್ಲಿರಬೇಕು, ಹೊರಗಿನಿಂದ ಸೇರಿದ ಗುಣ ಅದರಲ್ಲಿರಬಾರದು. ಒಂದೇ ರೋಗವಿರುವವನ ಮೇಲೆ ಪರೀಕ್ಷಿಸಬೇಕು, ಎರಡು ಮೂರು ರೋಗ ಕೂಡಿದವನ ಮೇಲೆ ಮಾಡಿದರೆ ಯಾವುದು ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ. ಪರಸ್ಪರ ವಿರುದ್ಧವಾದ ರೋಗಗಳ ಮೇಲೂ ನೋಡಬೇಕು. ರೋಗದ ಬಲಕ್ಕೆ ಔಷಧಿಯ ಬಲ ಹೊಂದಬೇಕು, ಆದ್ದರಿಂದ ದುರ್ಬಲ ಪ್ರಮಾಣದಿಂದ ಆರಂಭಿಸಬೇಕು. ಪರಿಣಾಮ ಎಷ್ಟು ಹೊತ್ತಿಗೆ ಕಂಡಿತೆಂದು ಲೆಕ್ಕ ಇಡಬೇಕು. ಆರನೆಯ ಶರತ್ತು, ಪರಿಣಾಮ ಸದಾ ಅಥವಾ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ರೀತಿ ಬರಬೇಕು. ಬರದಿದ್ದರೆ ಅದು ಆಕಸ್ಮಿಕ. ಏಳನೆಯದು, ಪರೀಕ್ಷೆ ಮನುಷ್ಯನ ಮೇಲೆಯೇ ಆಗಬೇಕು. ಸಿಂಹಕ್ಕೋ ಕುದುರೆಗೋ ಕೊಟ್ಟು ನೋಡಿದರೆ ಮನುಷ್ಯನ ವಿಷಯ ತಿಳಿಯದು.

ಇಂದಿನ ವೈದ್ಯಕೀಯ ಪ್ರಯೋಗಗಳಿಗೆ ಇದು ಪೂರ್ತಿ ಸಮಾನವಲ್ಲ. ಗುಂಪುಗಳನ್ನು ಚೀಟಿ ಎತ್ತಿದಂತೆ ವಿಂಗಡಿಸುವುದಾಗಲಿ, ಹುಸಿ ಮಾತ್ರೆ ಕೊಟ್ಟು ಹೋಲಿಸುವುದಾಗಲಿ ಅಲ್ಲಿಲ್ಲ. ಆದರೆ ಆರನೆಯ ಶರತ್ತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಖಾನೂನನ್ನು ಲ್ಯಾಟಿನ್ನಿಗೆ ತಂದ. ಯುರೋಪಿನ ವೈದ್ಯಶಾಲೆಗಳು ಶತಮಾನಗಳ ಕಾಲ ಅದನ್ನೇ ಓದಿದವು. ಇತ್ತ ಭಾರತದಲ್ಲಿ ಹಕೀಮರು ಸೂರಂಜಾನ್‌ನಲ್ಲಿ ಸಿಹಿ ಮತ್ತು ಕಹಿ ಎಂದು ಎರಡು ಬಗೆ ಗುರುತಿಸಿದರು. ಒಳಗೆ ಸೇವಿಸಲು ಸೂರಂಜಾನ್ ಶೀರೀನ್, ಮೇಲೆ ಹಚ್ಚಲು ಮಾತ್ರ ಸೂರಂಜಾನ್ ತಲ್ಖ್. ತಲ್ಖ್ ಎಂಬ ಕಹಿ ಗಡ್ಡೆ ಕಾಶ್ಮೀರದ ಕಡೆಯ ಬೆಟ್ಟಗಳಲ್ಲಿ ಬೆಳೆಯುತ್ತದೆ. ಕೀಲುನೋವಿಗೆ ಕೊಡುವ ಮಾಜೂನ್ ಸೂರಂಜಾನ್ ಇಂದಿಗೂ ಯುನಾನಿ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಈ ಶಾಸ್ತ್ರದ ಸ್ನಾತಕೋತ್ತರ ಅಧ್ಯಯನವಿದೆ ಎಂಬುದು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದಿಲ್ಲ.

ಯುರೋಪಿನಲ್ಲಿ ಮುಂದೆ ಏನಾಯಿತೆಂದು ಬೇಗ ಹೇಳಿಬಿಡುತ್ತೇನೆ. 1763ರಲ್ಲಿ ವಿಯೆನ್ನಾದ ಆಂಟನ್ ಫಾನ್ ಸ್ಟೋರ್ಕ್ ತನ್ನ ಮೇಲೆಯೇ ಪ್ರಯೋಗಿಸಿಕೊಂಡು, ಮೈಯಲ್ಲಿ ನೀರು ತುಂಬಿ ಊದುವ ರೋಗಕ್ಕೆ ಇದನ್ನು ಸೂಚಿಸಿದ. ಸುಮಾರು 1780ರಲ್ಲಿ ಫ್ರೆಂಚ್ ಸೇನಾಧಿಕಾರಿ ಹುಸ್ಸೋ ಗೌಟಿಗೆ ಗುಟ್ಟಿನ ದ್ರಾವಣವೊಂದನ್ನು ಮಾರತೊಡಗಿದ. ಬೆಲೆ ದುಬಾರಿ, ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಕೂಡ ಅದರ ಗಿರಾಕಿ. 1814ರಲ್ಲಿ ಜಾನ್ ವಾಂಟ್ ಎಂಬಾತ ಅದರ ಗುಟ್ಟು ಇದೇ ಗಡ್ಡೆ ಎಂದು ಬಯಲು ಮಾಡಿದ. 1820ರಲ್ಲಿ ಪೆಲೆಟಿಯೆ ಮತ್ತು ಕವಾಂತೂ (ಕ್ವಿನೈನ್ ಬೇರ್ಪಡಿಸಿದವರೂ ಇವರೇ) ಗಡ್ಡೆಯ ಸಾರವನ್ನು ಪ್ರತ್ಯೇಕಿಸಿದರು. 1833ರಲ್ಲಿ ಜರ್ಮನಿಯ ಗೈಗರ್ ಅದನ್ನು ಶುದ್ಧಗೊಳಿಸಿ ಕಾಲ್ಚಿಸಿನ್ ಎಂದು ಹೆಸರಿಟ್ಟ. ಅಲ್ಲಿಂದ ಮುಂದೆ ಹಿಡಿ ಗಡ್ಡೆ, ಚಿಟಿಕೆ ಪುಡಿ ಎಂಬ ಅಂದಾಜು ಹೋಗಿ ಮಿಲಿಗ್ರಾಂ ಲೆಕ್ಕ ಬಂತು. ಈ ಔಷಧಿಯ ಮಟ್ಟಿಗೆ ಅದು ಜೀವ ಮರಣದ ಪ್ರಶ್ನೆ, ಯಾಕೆಂದರೆ ಗುಣ ಕೊಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ.

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವರಿಗೆ ಕಾಲ್ಚಿಸಿನ್ ಇನ್ನೊಂದು ಕಡೆ ಪರಿಚಿತ. ಸಸ್ಯಗಳ ಕ್ರೋಮೊಸೋಮುಗಳನ್ನು ಇಮ್ಮಡಿಗೊಳಿಸಲು ಅದನ್ನು ಬಳಸುತ್ತಾರೆ. ಕೀಲುನೋವಿನ ಮದ್ದಿಗೂ ಕ್ರೋಮೊಸೋಮಿಗೂ ಏನು ಸಂಬಂಧ? ನಮ್ಮ ಜೀವಕೋಶದೊಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಜೋಡಿಸಿಕೊಂಡು ಸೂಕ್ಷ್ಮ ನಳಿಕೆಗಳಾಗುತ್ತವೆ. ಕೋಶ ವಿಭಜನೆಯಾಗುವಾಗ ಕ್ರೋಮೊಸೋಮುಗಳನ್ನು ಎಳೆಯುವ ಹಗ್ಗಗಳು ಇವೇ. ಕೋಶ ಚಲಿಸಲು, ಒಳಗಿನ ಸರಕು ಸಾಗಿಸಲು ಕೂಡ ಇವು ಬೇಕು. ಕಾಲ್ಚಿಸಿನ್ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ನಳಿಕೆ ಕಟ್ಟಲು ಬಿಡುವುದಿಲ್ಲ. 1967ರಲ್ಲಿ ಷಿಕಾಗೊದ ವಿಜ್ಞಾನಿಗಳು ಟ್ಯೂಬ್ಯುಲಿನ್ನನ್ನು ಪತ್ತೆಹಚ್ಚಿದ್ದೂ ಅದಕ್ಕೆ ಅಂಟಿದ್ದ ಕಾಲ್ಚಿಸಿನ್‌ನ ಜಾಡು ಹಿಡಿದೇ.

ಗೌಟಿನಲ್ಲಿ ಕೀಲಿನೊಳಗೆ ಯೂರಿಕ್ ಆಮ್ಲದ ಸೂಜಿಯಂಥ ಹರಳುಗಳು ಕೂರುತ್ತವೆ. ಬಿಳಿ ರಕ್ತಕಣಗಳು ಅವುಗಳ ಮೇಲೆ ಮುಗಿಬೀಳುತ್ತವೆ. ನೋವು, ಕೆಂಪು, ಬಾವು ಬರುವುದು ಆ ಯುದ್ಧದಿಂದ. ಕಾಲ್ಚಿಸಿನ್ ಆ ಕಣಗಳ ಓಡಾಟವನ್ನು ಮಂದಗೊಳಿಸುತ್ತದೆ, ಅವುಗಳೊಳಗಿನ ಅಪಾಯದ ಗಂಟೆಯನ್ನೂ ತಗ್ಗಿಸುತ್ತದೆ. ಗೌಟ್ ಹರಳುಗಳು ಈ ಗಂಟೆ ಬಾರಿಸುತ್ತವೆಂದು 2006ರಲ್ಲಿ ಗೊತ್ತಾಯಿತು. 2010ರಲ್ಲಿ, ರಕ್ತನಾಳದ ಗೋಡೆಯಲ್ಲಿ ಕಟ್ಟುವ ಕೊಲೆಸ್ಟರಾಲ್ ಹರಳುಗಳೂ ಅದೇ ಗಂಟೆಯನ್ನೇ ಬಾರಿಸುತ್ತವೆಂದು ಕಂಡುಬಂತು. ಹೆಬ್ಬೆರಳಿನ ರೋಗವೂ ಎದೆಯ ರೋಗವೂ ಒಂದೇ ಬೀದಿಯ ನೆರೆಮನೆಗಳಾದವು.

ಆದರೆ ವೈದ್ಯರು ಈ ಬೀದಿಗೆ ಬರುವ ಮೊದಲು ಇನ್ನೆರಡು ಮನೆಗಳ ಬಾಗಿಲು ತಟ್ಟಿದ್ದರು. ಅರಬರು, ತುರ್ಕರು, ಅರ್ಮೇನಿಯನ್ನರು ಮತ್ತು ಯಹೂದಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಮೆಡಿಟರೇನಿಯನ್ ಜ್ವರ ಎಂಬ ಕಾಯಿಲೆಯಿದೆ. ಚಿಕ್ಕಂದಿನಿಂದಲೇ ಪದೇ ಪದೇ ಜ್ವರ, ತಡೆಯಲಾರದ ಹೊಟ್ಟೆನೋವು, ಕೊನೆಗೆ ಮೂತ್ರಪಿಂಡಗಳೇ ಹಾಳು. 1972ರಲ್ಲಿ ಅಮೆರಿಕದ ಸ್ಟೀಫನ್ ಗೋಲ್ಡ್‌ಫಿಂಗರ್ ಮತ್ತು ತುರ್ಕಿಯ ಎಮಿರ್ ಓಜ್ಕಾನ್ ಬೇರೆಬೇರೆಯಾಗಿ ಕಾಲ್ಚಿಸಿನ್ ಇದನ್ನು ತಡೆಯುತ್ತದೆಂದು ವರದಿ ಮಾಡಿದರು. ಆ ಮಕ್ಕಳು ದಿನವೂ ಈ ಮಾತ್ರೆ ನುಂಗುತ್ತಾ ದೊಡ್ಡವರಾದರು. ದಶಕಗಳ ಕಾಲ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡರೂ ಸಹಿಸಬಹುದೆಂಬ ಧೈರ್ಯ ವೈದ್ಯಲೋಕಕ್ಕೆ ಬಂದದ್ದು ಹೆಚ್ಚಾಗಿ ಇವರಿಂದ. ಎರಡನೆಯ ಮನೆ ಹೃದಯಕ್ಕೆ ತಾಗಿಕೊಂಡೇ ಇತ್ತು. ಹೃದಯದ ಹೊರಪೊರೆಯ ಉರಿಯೂತ ಮರುಕಳಿಸದಂತೆ ಕಾಲ್ಚಿಸಿನ್ ಕೊಡಬಹುದೆಂದು ಸ್ಪೇನಿನ ವೈದ್ಯರು 1987ರಲ್ಲಿ ಬರೆದರು. ಇಟಲಿಯ ಟ್ಯೂರಿನ್ ನಗರದ ಮಾಸ್ಸಿಮೊ ಇಮಾಝಿಯೊ 2005ರಲ್ಲಿ 120 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಹದಿನೆಂಟು ತಿಂಗಳಲ್ಲಿ ರೋಗ ಮರುಕಳಿಸಿದ್ದು ಕಾಲ್ಚಿಸಿನ್ ಪಡೆದವರಲ್ಲಿ ಶೇ. 10.7, ಪಡೆಯದವರಲ್ಲಿ ಶೇ. 32.3.

ಇನ್ನು ರಕ್ತನಾಳದ ಸರದಿ. ಆಸ್ಟ್ರೇಲಿಯಾದ ಪರ್ತ್ ನಗರದ ಹೃದ್ರೋಗ ತಜ್ಞ ಮಾರ್ಕ್ ನಿಡಾರ್ಫ್ ತಮ್ಮ ರೋಗಿಗಳಲ್ಲಿ ಕಾಲ್ಚಿಸಿನ್ ಉರಿಯೂತದ ಸೂಚ್ಯಂಕವನ್ನು ಇಳಿಸುವುದನ್ನು ಸಹೋದ್ಯೋಗಿಯೊಂದಿಗೆ ಸೇರಿ 2007ರಲ್ಲಿ ತೋರಿಸಿದ್ದರು. ಹಳೆಯ ಮಾತ್ರೆಗೆ ಪೇಟೆಂಟ್ ಇಲ್ಲ. ಲಾಭವಿಲ್ಲದ ಮಾತ್ರೆಯ ಮೇಲೆ ದೊಡ್ಡ ಕಂಪನಿಗಳು ಹಣ ಸುರಿಯುವುದಿಲ್ಲ. ಆದರೂ 532 ರೋಗಿಗಳನ್ನು ಸೇರಿಸಿ ಪ್ರಯೋಗ ನಡೆಯಿತು, 2013ರಲ್ಲಿ ಫಲಿತಾಂಶ ಬಂತು. ಸುಮಾರು ಮೂರು ವರ್ಷಗಳಲ್ಲಿ ಹೃದಯಕ್ಕೆ ಹೊಡೆತ ಬಿದ್ದದ್ದು ಮಾತ್ರೆ ಪಡೆದವರಲ್ಲಿ ಶೇ. 5.3, ಪಡೆಯದವರಲ್ಲಿ ಶೇ. 16. ಎಷ್ಟು ಒಳ್ಳೆಯ ಫಲವೆಂದರೆ ನಂಬಲು ಕಷ್ಟ. ಅದರಲ್ಲಿ ಹುಸಿ ಮಾತ್ರೆ ಇರಲಿಲ್ಲ, ಯಾರು ಔಷಧಿ ತಿನ್ನುತ್ತಿದ್ದಾರೆಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಆದ್ದರಿಂದ ಜಗತ್ತು ಕಾಯಿತು.

2017ರಲ್ಲಿ ಬಾಸ್ಟನ್ನಿನ ಪಾಲ್ ರಿಡ್ಕರ್ ತಂಡವು ಕಾನಾಕಿನುಮಾಬ್ ಎಂಬ ದುಬಾರಿ ಚುಚ್ಚುಮದ್ದಿನಿಂದ 10,061 ರೋಗಿಗಳಲ್ಲಿ ಉರಿಯೂತ ತಗ್ಗಿಸಿದರೆ ಹೃದಯಾಘಾತವೂ ತಗ್ಗುತ್ತದೆಂದು ಸಾಬೀತು ಮಾಡಿತು. ಬಡರೋಗಿಗೆ ಅದು ಎಟುಕುವಂಥದ್ದಲ್ಲ. 2019ರಲ್ಲಿ ಮಾಂಟ್ರಿಯಲ್‌ನ ಜಾನ್ ಕ್ಲೋದ್ ತಾರ್ದಿಫ್ ತಂಡ, ಆಗಷ್ಟೇ ಹೃದಯಾಘಾತವಾಗಿದ್ದ 4,745 ಮಂದಿಗೆ ಕಾಲ್ಚಿಸಿನ್ ಅಥವಾ ಹುಸಿ ಮಾತ್ರೆ ಕೊಟ್ಟಿತು, ತೊಂದರೆಗೀಡಾದವರು ಶೇ. 5.5 ಮತ್ತು ಶೇ. 7.1. 2020ರಲ್ಲಿ ನಿಡಾರ್ಫ್ ಅವರ ಎರಡನೆಯ ಪ್ರಯೋಗ ಬಂತು. ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ನ 5,522 ರೋಗಿಗಳು, ಈ ಬಾರಿ ಹುಸಿ ಮಾತ್ರೆಯೊಂದಿಗೆ. ಫಲ ಶೇ. 6.8 ಮತ್ತು ಶೇ. 9.6. ಅಂದರೆ ನೂರು ರೋಗಿಗಳು ಎರಡು ವರ್ಷ ಚಿಲ್ಲರೆ ಕಾಲ ಮಾತ್ರೆ ನುಂಗಿದರೆ ಸುಮಾರು ಮೂವರಿಗೆ ಹೊಡೆತ ತಪ್ಪುತ್ತದೆ. ಮೊದಲ ಪ್ರಯೋಗದ ಹನ್ನೊಂದು ಮೂರಕ್ಕೆ ಇಳಿಯಿತು. ಸಂಖ್ಯೆ ಹೀಗೆ ಕುಗ್ಗಿತೆಂದು ಬೇಸರಪಡಬೇಡಿ, ಪಕ್ಷಪಾತ ಸೋಸಿಹೋದ ಮೇಲೆ ಉಳಿಯುವುದು ಇಷ್ಟೇ. ನೂರರಲ್ಲಿ ಮೂವರೆಂದರೆ ಮೂರು ಮನೆಗಳು.

ಇಲ್ಲಿ ಹಣದ ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ ಕಾಲ್ಚಿಸಿನ್ ಮಾತ್ರೆ ಎಷ್ಟು ಹಳೆಯದೆಂದರೆ ಗೌಟಿಗೆ ಅದು ಔಪಚಾರಿಕ ಅನುಮತಿಯೇ ಇಲ್ಲದೆ ಮಾರಾಟವಾಗುತ್ತಿತ್ತು. 2006ರಲ್ಲಿ ಅಲ್ಲಿನ ಸರಕಾರ ಇಂಥ ಔಷಧಿಗಳನ್ನೆಲ್ಲ ಕ್ರಮಬದ್ಧಗೊಳಿಸಲು ಹೊರಟಿತು. ಕಂಪನಿಯೊಂದು ಹೊಸದಾಗಿ ಪ್ರಯೋಗ ನಡೆಸಿ 2009ರಲ್ಲಿ ಅನುಮತಿ ಪಡೆಯಿತು, ಜೊತೆಗೆ ಏಕಸ್ವಾಮ್ಯವನ್ನೂ. ಸುಮಾರು 9 ಸೆಂಟ್ ಇದ್ದ ಮಾತ್ರೆಯ ಬೆಲೆ 4.85 ಡಾಲರಿಗೆ ಏರಿತು. ಹುಸ್ಸೋನ ಗುಟ್ಟಿನ ಬಾಟಲಿ ಬೇರೆ ವೇಷದಲ್ಲಿ ಮರಳಿ ಬಂದಂತೆ! ನ್ಯಾಯವಾಗಿ ಹೇಳುವುದಾದರೆ, ಆ ಪ್ರಯೋಗದಿಂದ ಪ್ರಯೋಜನವೂ ಆಯಿತು. ಗೌಟಿಗೆ ಹಿಂದೆ ಗಂಟೆಗೊಂದರಂತೆ ಭೇದಿಯಾಗುವ ತನಕ ಮಾತ್ರೆ ಕೊಡುತ್ತಿದ್ದರು. ಮೊದಲ ಒಂದು ಗಂಟೆಯಲ್ಲಿ 1.8 ಮಿಲಿಗ್ರಾಂ ಕೊಟ್ಟು ನಿಲ್ಲಿಸಿದರೂ ಅಷ್ಟೇ ಗುಣ, ಭೇದಿ ಬಹಳ ಕಡಿಮೆ ಎಂದು ಆಗ ತಿಳಿಯಿತು. ದುರ್ಬಲ ಪ್ರಮಾಣದಿಂದ ಆರಂಭಿಸಿ ಎಂದು ಖಾನೂನ್ ಹೇಳಿದ್ದನ್ನು ಲೆಕ್ಕ ಹಾಕಿ ನೋಡಲು ಇಷ್ಟು ಕಾಲ ಬೇಕಾಯಿತು. ನಮ್ಮ ದೇಶದಲ್ಲಿ ಈ ಮಾತ್ರೆ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ.

ಈಗ ಆರನೆಯ ಶರತ್ತಿಗೆ ಬರೋಣ. ಪರಿಣಾಮ ಹೆಚ್ಚಿನ ಸಲ ಒಂದೇ ರೀತಿ ಬರಬೇಕಲ್ಲವೇ? 2024ರ ಅಕ್ಟೋಬರಿನಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದ ಸಂಸ್ಥೆಯೊಂದು ಎಲ್ಲಕ್ಕಿಂತ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಹೃದಯಾಘಾತವಾದ 7,062 ರೋಗಿಗಳು. ಕಾಲ್ಚಿಸಿನ್ ಪಡೆದವರಲ್ಲಿ ತೊಂದರೆ ಶೇ. 9.1, ಹುಸಿ ಮಾತ್ರೆಯವರಲ್ಲಿ ಶೇ. 9.3. ವ್ಯತ್ಯಾಸವೇ ಇಲ್ಲ.

ಆ ಸಂಸ್ಥೆಯನ್ನು ಕಟ್ಟಿದವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದ ಡಾ. ಸಲೀಂ ಯೂಸುಫ್ ಅವರು. ಸಾವಿರಾರು ರೋಗಿಗಳನ್ನು ಸೇರಿಸಿಕೊಂಡು ಸರಳವಾದ ಒಂದೇ ಪ್ರಶ್ನೆ ಕೇಳುವ ದೊಡ್ಡ ಪ್ರಯೋಗಗಳು ಯಾಕೆ ಬೇಕೆಂದು 1984ರಲ್ಲಿ ಇಬ್ಬರು ಸಂಗಡಿಗರೊಂದಿಗೆ ವಾದಿಸಿದವರು ಅವರು. ಆ ಬಗೆಯ ಪ್ರಯೋಗದಿಂದಲೇ, 1988ರಲ್ಲಿ, ಇನ್ನೊಂದು ಹಳೆಯ ನೋವುನಿವಾರಕವಾದ ಆಸ್ಪಿರಿನ್ ಹೃದಯಾಘಾತದ ವೇಳೆ ಜೀವ ಉಳಿಸುತ್ತದೆಂದು 17,187 ರೋಗಿಗಳಲ್ಲಿ ಖಚಿತವಾಯಿತು. ನಮ್ಮ ಭಾಷಣಗಳ ಪಟ್ಟಿಯಲ್ಲಿ ಈ ಹೆಸರು ಯಾಕಿಲ್ಲವೋ ನಾನರಿಯೆ.

ಹಾಗಾದರೆ ಕಾಲ್ಚಿಸಿನ್ ಸೋತಿತೇ? ಅಷ್ಟು ಬೇಗ ತೀರ್ಪು ಕೊಡುವಂತಿಲ್ಲ. ಹ್ಯಾಮಿಲ್ಟನ್ ಪ್ರಯೋಗದ ರೋಗಿಗಳು ಆಘಾತವಾದ ಕೂಡಲೇ ಮಾತ್ರೆ ಆರಂಭಿಸಿದವರು, ನಿಡಾರ್ಫ್ ಅವರ ರೋಗಿಗಳು ಹಳೆಯ, ಸ್ಥಿರವಾದ ಹೃದ್ರೋಗವುಳ್ಳವರು. ಇವೆರಡು ಒಂದೇ ರೋಗವೆಂದು ಹಿಡಿಯಬಹುದೇ ಎಂಬ ಚರ್ಚೆ ನಡೆದಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘವು ಸ್ಥಿರ ಹೃದ್ರೋಗದವರಿಗೆ ಇದನ್ನು ಪರಿಗಣಿಸಬೇಕೆಂದು 2024ರ ಆಗಸ್ಟಿನಲ್ಲಿ, ಅಂದರೆ ಆ ಫಲಿತಾಂಶಕ್ಕೆ ಎರಡು ತಿಂಗಳ ಮೊದಲು, ಸಲಹೆ ನೀಡಿತ್ತು. ಎಲ್ಲ ಪ್ರಯೋಗಗಳನ್ನೂ ಕೂಡಿಸಿ 2025ರಲ್ಲಿ ಮಾಡಿದ ಲೆಕ್ಕಗಳು ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾಗುವ ಕಡೆಗೇ ವಾಲಿವೆ. ಆದರೆ ಒಟ್ಟು ಸಾವುಗಳು ಕಡಿಮೆಯಾದದ್ದು ಕಂಡಿಲ್ಲ.

ಇದನ್ನು ಓದಿ ಯಾರೂ ತಂದೆಗೋ ಅಜ್ಜನಿಗೋ ಈ ಮಾತ್ರೆಯನ್ನು ತಾವಾಗಿ ತಂದುಕೊಡಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಅದು ದೇಹದಲ್ಲಿ ಉಳಿದು ವಿಷವಾಗುತ್ತದೆ. ಗಂಟಲು ನೋವಿಗೆ ಬರೆದುಕೊಡುವ ಕ್ಲಾರಿತ್ರೊಮೈಸಿನ್‌ನಂಥ ಔಷಧಿಯ ಜೊತೆ ಸೇವಿಸಿ ಸತ್ತವರಿದ್ದಾರೆ. ಗಡ್ಡೆಯ ವಿಷಯ ಹೇಳಲೇಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆಯನ್ನು ನೀವು ನೋಡಿರುತ್ತೀರಿ. ಅದರ ಗಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನ ರೈತರು ಬೀಜಕ್ಕಾಗಿ ಅದನ್ನು ಹೊಲದಲ್ಲಿ ಬೆಳೆಸಿ ಔಷಧಿ ಕಾರ್ಖಾನೆಗಳಿಗೆ ಮಾರುತ್ತಾರೆ. ಚಿಕ್ಕಮಕ್ಕಳಿರುವ ಮನೆಯ ಅಂಗಳದಲ್ಲಿ ಆ ಬಳ್ಳಿ ಇದ್ದರೆ ಗಡ್ಡೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.